ರಾತ್ರಿಯ ಚಳಿ ಎಲ್ಲಿ ಮಲಗುತ್ತದೆ?

ಚಳಿಗಾಲದಲ್ಲಿ ಬೆಳಿಗ್ಗೆ ಬೇಗ ಎದ್ದು ಬೀದಿಗೆ ಬಂದವರು ಇದನ್ನು ನೋಡಿಯೇ ಇರುತ್ತಾರೆ. ಬಯಲಲ್ಲಿ ನಿಲ್ಲಿಸಿದ ಕಾರಿನ ಗಾಜಿನ ಮೇಲೆ ಬೆರಳಿನಿಂದ ಹೆಸರು ಬರೆಯುವಷ್ಟು ಇಬ್ಬನಿ. ಹತ್ತು ಹೆಜ್ಜೆ ಆಚೆ, ಹೊಂಗೆ ಮರದ ಕೆಳಗೆ ನಿಂತ ಕಾರು ಮಾತ್ರ ಒಣಗಿಯೇ ಇರುತ್ತದೆ. ರಾತ್ರಿಯೆಲ್ಲ ಎರಡೂ ನಿಂತಿದ್ದದ್ದು ಒಂದೇ ಗಾಳಿಯಲ್ಲಿ. ಒಂದು ಹೇಗೆ ತೊಯ್ದಿತು, ಇನ್ನೊಂದು ಹೇಗೆ ಉಳಿಯಿತು?

ಮಲೆನಾಡಿನವರು ಇನ್ನೊಂದನ್ನೂ ಕಂಡಿರುತ್ತಾರೆ. ಡಿಸೆಂಬರ್ ತಿಂಗಳ ಬೆಳಗಿನಲ್ಲಿ ಗುಡ್ಡದ ಓರೆಯಲ್ಲಿರುವ ಮನೆಯ ಅಂಗಳಕ್ಕೆ ಬಂದು ನಿಂತರೆ, ಕೆಳಗಿನ ಗದ್ದೆ ಬಯಲು ಮಂಜಿನಲ್ಲಿ ಮುಳುಗಿರುತ್ತದೆ. ಅಂಗಳದಲ್ಲಿ ಮಂಜಿಲ್ಲ. ಗದ್ದೆಯ ಕಡೆ ಇಳಿಯತೊಡಗಿದರೆ ಎಲ್ಲೋ ಒಂದು ಕಡೆ ಥಟ್ಟನೆ ಕಿವಿಗೆ, ಮೂಗಿನ ತುದಿಗೆ ಚಳಿ ಕಚ್ಚುತ್ತದೆ. ಎತ್ತರಕ್ಕೆ ಹೋದಷ್ಟೂ ಚಳಿ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಅದು ಸುಳ್ಳಲ್ಲ, ಸರಾಸರಿ ಲೆಕ್ಕದಲ್ಲಿ 1000 ಮೀಟರ್ ಏರಿದರೆ ಉಷ್ಣಾಂಶ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಹಾಗಿದ್ದ ಮೇಲೆ ತಗ್ಗಿನ ಗದ್ದೆ ಅಂಗಳಕ್ಕಿಂತ ಬೆಚ್ಚಗಿರಬೇಕಿತ್ತು. ಯಾಕೆ ಹಾಗಿಲ್ಲ?

ಕಾರಿನ ಒಗಟಿಗೂ ಗದ್ದೆಯ ಒಗಟಿಗೂ ಮೂಲ ಒಂದೇ. ಮನೆಯೊಳಗೆ ಹೊದ್ದು ಮಲಗುವವರಿಗೆ ಅದು ತಿಳಿಯದಿದ್ದರೂ ನಷ್ಟವೇನಿಲ್ಲ. ಕಾಡಿನಲ್ಲಿ ತೆಳ್ಳನೆಯ ನೈಲಾನ್ ಬಟ್ಟೆಯ ಕೆಳಗೆ ರಾತ್ರಿ ಕಳೆಯುವವರಿಗೆ ಮಾತ್ರ ಅದು ನಿದ್ದೆಯ ಪ್ರಶ್ನೆ. ಕೆಲವು ರಾತ್ರಿಗಳಲ್ಲಿ ಜೀವದ ಪ್ರಶ್ನೆಯೂ ಹೌದು.

ಹಳ್ಳದ ದಂಡೆಯ ಸೆಳೆತ

ನಮ್ಮ ಬಂಡೀಪುರ, ನಾಗರಹೊಳೆ, ಕುದುರೆಮುಖ ರಾಷ್ಟ್ರೀಯ ಉದ್ಯಾನಗಳಲ್ಲಿ ಚಾರಣಿಗರು ಮನಬಂದಲ್ಲಿ ಟೆಂಟ್ ಹಾಕುವಂತಿಲ್ಲ. ಹುಲಿ, ಆನೆಗಳ ಕಾಡಿನಲ್ಲಿ ಅದು ಸರಿಯಾದ ನಿಯಮವೇ. ಹಾಗಾಗಿ ಕಾಡಿನಲ್ಲಿ ರಾತ್ರಿ ತಂಗುವುದಕ್ಕೆ ವ್ಯವಸ್ಥೆ ಇರುವ ಒಂದು ಉದ್ಯಾನಕ್ಕೆ ಹೋಗೋಣ: ಅಮೆರಿಕದ ಗ್ರೇಟ್ ಸ್ಮೋಕಿ ಮೌಂಟನ್ಸ್. ಟೆನೆಸಿ ಮತ್ತು ಉತ್ತರ ಕೆರೊಲೈನ ರಾಜ್ಯಗಳ ಗಡಿಯುದ್ದಕ್ಕೂ ಹಬ್ಬಿರುವ ಈ ಕಾಡು 1934ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ವಿಸ್ತಾರ ಸುಮಾರು 2100 ಚದರ ಕಿಲೋಮೀಟರ್. ಅಟ್ಲಾಂಟಾ, ಷಾರ್ಲಟ್‌ಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಶುಕ್ರವಾರ ಸಂಜೆ ಹೊರಟು ಭಾನುವಾರ ಮರಳುವಷ್ಟು ಹತ್ತಿರ.

ಅಲ್ಲಿನ ನೆಲದ ರೂಪ ನಮ್ಮ ವಿಷಯಕ್ಕೆ ಮುಖ್ಯ. ಉದ್ಯಾನದ ಅತಿ ತಗ್ಗಿನ ಮೂಲೆ ಸಮುದ್ರಮಟ್ಟದಿಂದ 267 ಮೀಟರ್ ಎತ್ತರದಲ್ಲಿದೆ. ಅತಿ ಎತ್ತರದ ಶಿಖರ ಕುವೊಹಿ 2025 ಮೀಟರ್. (ಕ್ಲಿಂಗ್‌ಮನ್ಸ್ ಡೋಮ್ ಎಂದು ಕರೆಯುತ್ತಿದ್ದ ಈ ಶಿಖರಕ್ಕೆ 2024ರಲ್ಲಿ ಚೆರೊಕೀ ಜನರ ಹಳೆಯ ಹೆಸರನ್ನೇ ಮರಳಿಸಿದರು.) ಇವೆರಡರ ನಡುವೆ ನೆಲವೆಲ್ಲ ಮಡಿಕೆ ಮಡಿಕೆ. ಪ್ರತಿ ಮಡಿಕೆಯ ತಳದಲ್ಲಿ ಒಂದು ಹಳ್ಳ; ಎರಡು ಹಳ್ಳಗಳ ನಡುವೆ ಒಂದು ದಿಣ್ಣೆ. ಎಲ್ಲದರ ಮೇಲೂ ಕಾಡು.

ದಾರಿ ಮುಗಿಯುವಲ್ಲಿಂದ ಒಳಗೆ ನಡೆದು ಹೋಗಿ ತಂಗುವವರು ಮೊದಲೇ ಅನುಮತಿ ಪಡೆದಿರಬೇಕು. ಉದ್ಯಾನದವರು ಗುರುತಿಸಿ, ಸಂಖ್ಯೆ ಕೊಟ್ಟ ತಾಣಗಳಲ್ಲೇ ಟೆಂಟ್ ಹಾಕಬೇಕು. ಹಾಗೆಂದು ಆಯ್ಕೆಯೇನೂ ಕಡಿಮೆಯಲ್ಲ. ಒಂದೇ ದಾರಿಯಲ್ಲಿ ಹಳ್ಳದ ಪಕ್ಕದ ತಾಣವೂ ಉಂಟು, ಓರೆಯ ಮೇಲಿನದೂ ಉಂಟು, ಬೆಟ್ಟದ ನೆತ್ತಿಯದೂ ಉಂಟು. ಒಂದೊಂದು ತಾಣದೊಳಗೂ ಟೆಂಟಿಗೆ ಸಮವಾದ ಜಾಗಗಳು ಹಲವು.

ಬಹುಪಾಲು ಜನ ಮೊದಲು ಬೆರಳಿಡುವುದು ಹಳ್ಳದ ಪಕ್ಕಕ್ಕೆ. ನೀರು ಕೈಗೆಟುಕುತ್ತದೆ, ನೆಲ ಸಮ, ಕಲ್ಲುಗಳ ಮೇಲೆ ನೀರು ಹರಿಯುವ ಸದ್ದು. ಅಕ್ಟೋಬರ್ ತಿಂಗಳ ಸಂಜೆ ಅಲ್ಲಿ ಕೂತು ಅನ್ನ ಬೇಯಿಸುವಾಗ ಇದಕ್ಕಿಂತ ಒಳ್ಳೆಯ ಜಾಗ ಲೋಕದಲ್ಲಿಲ್ಲ ಅನ್ನಿಸುತ್ತದೆ. ಬೆಳಗಿನ ಜಾವದ ಚಿತ್ರ ಬೇರೆ. ಟೆಂಟಿನ ಮೇಲ್ಬಟ್ಟೆಯ ಹೊರಗೂ ನೀರು, ಒಳಗೂ ನೀರು. ಒಳಮೈಯಲ್ಲಿ ಹನಿಗಳು ಹೊಲಿಗೆಯ ಗುಂಟ ಸಾಲುಗಟ್ಟಿ, ಒಂದಕ್ಕೊಂದು ಸೇರಿ, ಜಾರಿ ಮೂಲೆಗೆ ಇಳಿದಿರುತ್ತವೆ. ಜಿಪ್ ಎಳೆದ ಅಲುಗಾಟಕ್ಕೆ ನಾಲ್ಕಾರು ಹನಿ ಕುತ್ತಿಗೆಯ ಮೇಲೆ ಬೀಳುತ್ತವೆ. ಮಲಗುಚೀಲದ ಕಾಲ ಬಳಿಯ ಭಾಗ ಟೆಂಟಿನ ಬಟ್ಟೆಗೆ ತಾಗಿ ಒದ್ದೆಯಾಗಿರುತ್ತದೆ. ಗೂಟ ಕೀಳಲು ಹೋದರೆ ಬೆರಳು ಮರಗಟ್ಟುತ್ತದೆ. ಅದೇ ರಾತ್ರಿ 50 ಮೀಟರ್ ಎತ್ತರದ ಓರೆಯಲ್ಲಿ, ಮರಗಳ ಕೆಳಗೆ ಮಲಗಿದವರು ಒಣ ಟೆಂಟನ್ನು ಮಡಚಿ ಚೀಲಕ್ಕೆ ತುಂಬುತ್ತಿರುತ್ತಾರೆ.

ಹಳ್ಳದ ನೀರೇ ಇದಕ್ಕೆ ಕಾರಣ ಎಂದು ತುಂಬ ಜನ ಹೇಳುತ್ತಾರೆ. ನೀರಿನ ಪಾಲು ಇದೆ, ಆದರೆ ಸಣ್ಣದು. ದೊಡ್ಡ ಕಾರಣವನ್ನು ಹುಡುಕುವುದಕ್ಕೆ ತಲೆಯೆತ್ತಿ ಆಕಾಶ ನೋಡಬೇಕು.

ಡಾಕ್ಟರ ಉಣ್ಣೆ ಉಂಡೆಗಳು

ಇಬ್ಬನಿ ಮೇಲಿನಿಂದ ಬೀಳುತ್ತದೋ ನೆಲದಿಂದ ಏಳುತ್ತದೋ ಎಂಬ ಜಗಳ ಯುರೋಪಿನಲ್ಲಿ ಬಹುಕಾಲ ನಡೆದಿತ್ತು. ಅದನ್ನು ಮುಗಿಸಿದವರು ಒಬ್ಬ ವೈದ್ಯರು, ವಿಲಿಯಂ ಚಾರ್ಲ್ಸ್ ವೆಲ್ಸ್. ಹುಟ್ಟಿದ್ದು 1757ರಲ್ಲಿ ದಕ್ಷಿಣ ಕೆರೊಲೈನದ ಚಾರ್ಲ್ಸ್‌ಟನ್‌ನಲ್ಲಿ, ವೃತ್ತಿ ಲಂಡನ್ನಿನಲ್ಲಿ. ಇಬ್ಬನಿಯ ಬಗ್ಗೆ 1814ರಲ್ಲಿ ಅವರು ಪ್ರಕಟಿಸಿದ ಪುಸ್ತಕ ಇಂದಿಗೂ ಪ್ರಯೋಗ ಮಾಡುವುದು ಹೇಗೆ ಎಂಬುದಕ್ಕೆ ಮಾದರಿ. ಅದಕ್ಕಾಗಿ ರಾಯಲ್ ಸೊಸೈಟಿ ಅವರಿಗೆ ರಮ್‌ಫರ್ಡ್ ಪದಕ ಕೊಟ್ಟಿತು.

ವೆಲ್ಸ್ ಅವರ ಸಲಕರಣೆ ಉಣ್ಣೆ ಮತ್ತು ತಕ್ಕಡಿ. ತಲಾ 10 ಗ್ರೇನ್, ಅಂದರೆ ಗ್ರಾಮಿನ ಮೂರನೇ ಎರಡು ಭಾಗದಷ್ಟು ತೂಗುವ ಒಣ ಉಣ್ಣೆಯ ಉಂಡೆಗಳನ್ನು ರಾತ್ರಿ ಬೇರೆ ಬೇರೆ ಕಡೆ ಇಡುವುದು, ಬೆಳಿಗ್ಗೆ ಮತ್ತೆ ತೂಗುವುದು. ಎಷ್ಟು ತೂಕ ಹೆಚ್ಚಿದೆಯೋ ಅಷ್ಟು ಇಬ್ಬನಿ. ಒಂದು ಪ್ರಯೋಗವಂತೂ ಟೆಂಟಿನವರಿಗೆಂದೇ ಮಾಡಿದಂತಿದೆ. ದಪ್ಪ ರಟ್ಟನ್ನು ನಡುವೆ ಮಡಚಿ, ಎರಡೂ ತುದಿ ತೆರೆದ ಮನೆಸೂರಿನ ಹಾಗೆ ಹುಲ್ಲಿನ ಮೇಲೆ ನಿಲ್ಲಿಸಿದರು. ಸೂರಿನ ಕೆಳಗೆ ಒಂದು ಉಂಡೆ, ಪಕ್ಕದ ಬಯಲಲ್ಲಿ ಒಂದು ಉಂಡೆ. ಬೆಳಿಗ್ಗೆ ಬಯಲಿನ ಉಂಡೆ 16 ಗ್ರೇನ್ ನೀರು ಹೀರಿತ್ತು. ಸೂರಿನ ಕೆಳಗಿನದು ಬರೀ 2. ಗಾಳಿ ಎರಡಕ್ಕೂ ಒಂದೇ, ಹುಲ್ಲು ಒಂದೇ. ವ್ಯತ್ಯಾಸ ಇದ್ದದ್ದು ಒಂದರಲ್ಲಿ ಮಾತ್ರ: ಬಯಲಿನ ಉಣ್ಣೆಗೆ ಆಕಾಶ ಕಾಣುತ್ತಿತ್ತು.

ಆಕಾಶ ಕಾಣುವುದಕ್ಕೂ ಒದ್ದೆಯಾಗುವುದಕ್ಕೂ ಏನು ನಂಟು? ಲೋಕದ ಎಲ್ಲ ವಸ್ತುಗಳೂ ಎಲ್ಲ ಹೊತ್ತಿನಲ್ಲೂ ಕಣ್ಣಿಗೆ ಕಾಣದ ಶಾಖಕಿರಣಗಳನ್ನು ಸೂಸುತ್ತಿರುತ್ತವೆ. ಅವಗೆಂಪು ಕಿರಣ ಎನ್ನುವುದು ಇದನ್ನೇ. 10 ಡಿಗ್ರಿಯಲ್ಲಿರುವ ನೆಲ ಪ್ರತಿ ಚದರ ಮೀಟರಿನಿಂದ ಸುಮಾರು 360 ವ್ಯಾಟ್‌ನಷ್ಟು ಶಾಖ ಸೂಸುತ್ತದೆ. ಹಗಲು ಬಿಸಿಲು ಆ ಖರ್ಚನ್ನು ತುಂಬಿಕೊಡುತ್ತದೆ. ರಾತ್ರಿ ವಾತಾವರಣದ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಒಂದಷ್ಟನ್ನು ಕೆಳಕ್ಕೆ ಮರಳಿಸುತ್ತವೆ, ಎಲ್ಲವನ್ನೂ ಅಲ್ಲ. ಮೋಡವಿಲ್ಲದ ಒಣ ರಾತ್ರಿಯಲ್ಲಿ ನೆಲ ಚದರ ಮೀಟರಿಗೆ 60ರಿಂದ 100 ವ್ಯಾಟ್ ಕಳೆದುಕೊಳ್ಳುತ್ತಲೇ ಇರುತ್ತದೆ.

ಈ ಲೆಕ್ಕವನ್ನು ಇಬ್ಬರು ಮಲಗುವ ಟೆಂಟಿಗೆ ಹಾಕಿ ನೋಡಿ. ಬಯಲಲ್ಲಿ ನಿಂತ ಮೇಲ್ಬಟ್ಟೆ ಒಟ್ಟಾರೆ ನೂರಾರು ವ್ಯಾಟ್ ಶಾಖವನ್ನು ಆಕಾಶಕ್ಕೆ ಕೊಡುತ್ತದೆ. ಒಳಗೆ ಮಲಗಿದ ಇಬ್ಬರ ಮೈಯಿಂದ ಬರುವ ಶಾಖ ಎಲ್ಲ ಸೇರಿ ಸುಮಾರು 150 ವ್ಯಾಟ್. ಸಾಲುವುದಿಲ್ಲ. ತೆಳ್ಳನೆಯ ಬಟ್ಟೆಯಲ್ಲಿ ಕೂಡಿಟ್ಟ ಶಾಖವೂ ಹೆಚ್ಚಿಲ್ಲದ ಕಾರಣ ಅದು ಬೇಗನೆ ತಣಿದು, ಸುತ್ತಲಿನ ಗಾಳಿಗಿಂತಲೂ ಮೂರು ನಾಲ್ಕು ಡಿಗ್ರಿ ಕೆಳಗಿಳಿಯುತ್ತದೆ. ಆಗ ಹೊರಗಿನ ಗಾಳಿಯ ನೀರಾವಿ ಹೊರಮೈಯಲ್ಲಿ ಹನಿಗಟ್ಟುತ್ತದೆ. ಉಸಿರಿನ ಮತ್ತು ಬೆವರಿನ ಆವಿ, ಒಬ್ಬೊಬ್ಬರಿಗೆ ರಾತ್ರಿಯೊಂದಕ್ಕೆ ಹತ್ತಿರ ಹತ್ತಿರ ಒಂದು ಲೋಟದಷ್ಟು ನೀರು, ಒಳಮೈಯಲ್ಲಿ ಹನಿಗಟ್ಟುತ್ತದೆ. ಟೆಂಟ್ ಸೋರಿತು ಎಂದು ಅಂಗಡಿಗೆ ದೂರು ಹೇಳುವ ಮೊದಲು ಇದನ್ನು ನೆನೆಯಬೇಕು. ಎಷ್ಟೋ ಸಲ ಆ ನೀರು ನಮ್ಮದೇ ಉಸಿರಿನದು.

ಹೊಂಗೆ ಮರ ಕಾರಿಗೆ ಮಾಡಿದ್ದು ಇಷ್ಟೇ. ಎಲೆಗಳು ಹೆಚ್ಚುಕಡಿಮೆ ಸುತ್ತಲಿನ ಗಾಳಿಯಷ್ಟೇ ಬೆಚ್ಚಗಿರುತ್ತವೆ. ಕಾರು ಮೇಲಕ್ಕೆ ಸೂಸಿದಷ್ಟನ್ನು ಎಲೆಗಳೂ ಕೆಳಕ್ಕೆ ಸೂಸುತ್ತವೆ. ಕೊಟ್ಟಿದ್ದಕ್ಕೂ ಬಂದಿದ್ದಕ್ಕೂ ಸರಿಹೋಗುತ್ತದೆ.

ಅಲಹಾಬಾದಿನಲ್ಲಿ ಐಸು

ಆಕಾಶಕ್ಕೆ ಶಾಖ ಕೊಟ್ಟರೆ ಎಷ್ಟು ತಣ್ಣಗಾಗಬಹುದು ಎಂಬುದಕ್ಕೆ ನಮ್ಮ ದೇಶದ್ದೇ ಒಂದು ಸಾಕ್ಷಿ ಇದೆ. ವೆಲ್ಸ್ ತಮ್ಮ ಪುಸ್ತಕದಲ್ಲಿ ಅದನ್ನು ವಿವರವಾಗಿ ಚರ್ಚಿಸಿದ್ದಾರೆ. ನೈಸರ್ಗಿಕವಾಗಿ ನೀರು ಹೆಪ್ಪುಗಟ್ಟದ ಗಂಗೆಯ ಬಯಲಿನಲ್ಲಿ, ಯಂತ್ರಗಳು ಬರುವ ಎಷ್ಟೋ ಮುಂಚೆ ಜನ ಐಸು ತಯಾರಿಸುತ್ತಿದ್ದರು. ಅಲಹಾಬಾದಿನಲ್ಲಿ ಕಂಡದ್ದನ್ನು ರಾಬರ್ಟ್ ಬಾರ್ಕರ್ 1775ರಲ್ಲಿ ದಾಖಲಿಸಿದ್ದಾರೆ. ಬಯಲು ಜಾಗದಲ್ಲಿ ಸುಮಾರು 30 ಅಡಿ ಚೌಕದ, 2 ಅಡಿ ಆಳದ ಗುಂಡಿ. ಅದರ ತಳಕ್ಕೆ ಒಂದಡಿ ದಪ್ಪಕ್ಕೆ ಕಬ್ಬಿನ ಅಥವಾ ಜೋಳದ ಒಣ ದಂಟು. ಅದರ ಮೇಲೆ ಬೆರಳುದ್ದವೂ ಆಳವಿಲ್ಲದ ಮಣ್ಣಿನ ತಟ್ಟೆಗಳನ್ನು ಒತ್ತೊತ್ತಾಗಿ ಜೋಡಿಸಿ ಸಂಜೆ ಕುದಿಸಿ ಆರಿಸಿದ ನೀರು ಹಾಕುವುದು. ಸೂರ್ಯ ಹುಟ್ಟುವ ಮೊದಲು ಬಂದು ಐಸಿನ ಹಾಳೆಗಳನ್ನು ಎತ್ತಿಕೊಳ್ಳುವುದು.

ಈ ತಟ್ಟೆಗಳನ್ನು ಜೋಡಿಸಿದವರು ಭೌತವಿಜ್ಞಾನದ ಎರಡು ಮಾತನ್ನು ಕೈಯಾರೆ ಅರಿತಿದ್ದರು ಎಂಬುದು ನನ್ನ ನಂಬಿಕೆ. ಒಂದು, ನೀರಿಗೆ ಪೂರ್ತಿ ಆಕಾಶ ಕಾಣಬೇಕು, ಕೆಳಗಿನಿಂದ ನೆಲದ ಬಿಸಿ ಬರಬಾರದು. ದಂಟಿನ ಹಾಸು ಇದ್ದದ್ದು ಅದಕ್ಕೆ. ಎರಡು, ತಟ್ಟೆಯ ಮೇಲಿನ ಗಾಳಿ ಕದಲಬಾರದು. ಗುಂಡಿ ಇದ್ದದ್ದು ಅದಕ್ಕೆ. ಗುಂಡಿಯೊಳಗೆ ತಣಿದ ಗಾಳಿ ಅಲ್ಲೇ ಕೂರುತ್ತದೆ. ಟೆಂಟಿನ ಚಳಿಯ ಕತೆಯ ಎರಡನೇ ಅರ್ಧ ಈ ಗುಂಡಿಯಲ್ಲಿದೆ.

ಇಳಿಗಾಳಿ

ನೆಲ ತಣಿದರೆ ನೆಲಕ್ಕೆ ತಾಗಿದ ಗಾಳಿಯೂ ತಣಿಯುತ್ತದೆ. ತಣಿದ ಗಾಳಿ ಕುಗ್ಗಿ ಸಾಂದ್ರವಾಗುತ್ತದೆ, ಅಂದರೆ ಅದೇ ಜಾಗದಲ್ಲಿ ಹೆಚ್ಚು ತೂಕ. ಸಮುದ್ರಮಟ್ಟದಲ್ಲಿ 10 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಸುಮಾರು 1250 ಗ್ರಾಂ ತೂಗಿದರೆ, 0 ಡಿಗ್ರಿಯ ಗಾಳಿ 1290 ಗ್ರಾಂ ಮೀರುತ್ತದೆ. ನಲವತ್ತು ಚಿಲ್ಲರೆ ಗ್ರಾಂ ಕೇಳುವುದಕ್ಕೆ ಏನೂ ಅಲ್ಲ. ಆದರೆ ಒಂದು ಬೆಟ್ಟದ ಓರೆಯುದ್ದಕ್ಕೂ ಮೊಣಕಾಲೆತ್ತರದ ಗಾಳಿಯ ಪದರ ಹೀಗೆ ಭಾರವಾಯಿತೆಂದರೆ ಅದು ನಿಂತಲ್ಲಿ ನಿಲ್ಲಲಾರದು. ಸಪಾಟು ನೆಲದಲ್ಲಾದರೆ ಹೋಗುವುದಕ್ಕೆ ಜಾಗವಿಲ್ಲ. ಓರೆಯಲ್ಲಿ ಇಳಿಯುವುದಕ್ಕೆ ದಾರಿ ಇದೆ. ಇಳಿಯುತ್ತದೆ. ಅದನ್ನು ಇಳಿಗಾಳಿ ಎಂದು ಕರೆಯೋಣ.

ಓರೆಯಾಗಿ ಹಿಡಿದ ತಟ್ಟೆಯ ಮೇಲ್ತುದಿಗೆ ಜೋನಿಬೆಲ್ಲ ಹಾಕಿದಾಗ ಏನಾಗುತ್ತದೆಂದು ಮಲೆನಾಡಿನ ಮಕ್ಕಳಿಗೂ ಗೊತ್ತು. ಅದು ಅವಸರ ಮಾಡುವುದಿಲ್ಲ. ತಟ್ಟೆಯ ಮೈಗೆ ಅಂಟಿಕೊಂಡೇ ತೆಳ್ಳಗೆ ಇಳಿದು, ಕೆಳಗಿನ ಅಂಚಿನಲ್ಲಿ ದಪ್ಪಗೆ ಕೂಡುತ್ತದೆ. ನಡುವೆ ಒಂದು ಬೆರಳು ಅಡ್ಡ ಇಟ್ಟರೆ ಬೆರಳಿನ ಮೇಲ್ಬದಿಗೆ ಜೋನಿ ಕಟ್ಟಿಕೊಳ್ಳುತ್ತದೆ, ಕೆಳಬದಿ ಖಾಲಿ ಉಳಿಯುತ್ತದೆ. ತಟ್ಟೆಯಲ್ಲಿ ಗುಳಿ ಇದ್ದರೆ ಅದು ತುಂಬಿದ ಮೇಲೆಯೇ ಮುಂದಿನ ಪಯಣ. ಇಳಿಗಾಳಿಯ ನಡತೆಯೂ ಹೀಗೆಯೇ. ಕೆಲವು ಮೀಟರುಗಳಿಗಿಂತ ದಪ್ಪವಿಲ್ಲದೆ, ನಡಿಗೆಯ ವೇಗಕ್ಕಿಂತಲೂ ನಿಧಾನವಾಗಿ, ನೆಲ ಸವರಿಕೊಂಡು ಇಳಿಯುತ್ತದೆ. ಹಳ್ಳದ ದಾರಿ ಹಿಡಿಯುತ್ತದೆ, ಕಣಿವೆಯ ತಳದಲ್ಲಿ ಕೂಡುತ್ತದೆ. ಹೀಗೆ ಕೂಡಿದ ಗಾಳಿಗೆ ಚಳಿಮಡು ಎಂಬ ಹೆಸರಿಡಬಹುದು. ಸಂಜೆಯಿಂದ ಬೆಳಗಿನವರೆಗೂ ಸುತ್ತಲಿನ ಎಲ್ಲ ಓರೆಗಳ ಚಳಿ ಬಂದು ಸೇರುವ ಜಾಗ ಅದು. ಗಾಳಿ ತಣಿದು ತಣಿದು ಅದರಲ್ಲಿನ ಆವಿ ಹನಿಗಟ್ಟಿದರೆ ಮಡು ಕಣ್ಣಿಗೂ ಕಾಣುತ್ತದೆ. ಗದ್ದೆ ಬಯಲನ್ನು ಮುಳುಗಿಸಿದ ಮಂಜು ಅದೇ.

ಸ್ಮೋಕಿ ಬೆಟ್ಟಗಳ ಪಶ್ಚಿಮ ಭಾಗದಲ್ಲಿ ಕೇಡ್ಸ್ ಕೋವ್ ಎಂಬ ಅಗಲವಾದ ಹುಲ್ಲುಬಯಲಿದೆ. ಸುತ್ತಲೂ ಬೆಟ್ಟ, ನಡುವೆ ಸುಣ್ಣಕಲ್ಲಿನ ತಳ. ಅಲ್ಲಿನ ಬೆಳಗಿನ ಮಂಜಿನ ಚಿತ್ರ ತೆಗೆಯುವುದಕ್ಕೆಂದೇ ಛಾಯಾಗ್ರಾಹಕರು ಕತ್ತಲಿದ್ದಾಗಲೇ ಬಂದು ನಿಲ್ಲುತ್ತಾರೆ. ಚಳಿಮಡುವಿನ ಗುಣ ತೋರಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಟೆಂಟಿಗೆ ಆ ಬಯಲಿನ ನಡು ಒಳ್ಳೆಯ ಜಾಗವಲ್ಲ.

ಹೊರದಾರಿಯೇ ಇಲ್ಲದ ಗುಳಿಯಾದರೆ ಚಳಿ ಯಾವ ಮಟ್ಟಕ್ಕೆ ಹೋಗಬಹುದು? ಯೂಟಾ ರಾಜ್ಯದ ಪೀಟರ್ ಸಿಂಕ್ಸ್ ಎಂಬ ಗುಳಿಯಲ್ಲಿ 1985ರ ಫೆಬ್ರವರಿ 1ರಂದು ಮೈನಸ್ 56.3 ಡಿಗ್ರಿ ದಾಖಲಾಯಿತು. ಆ ಗುಳಿಯ ತಳದಲ್ಲಿ ಮರಗಳೇ ಇಲ್ಲ. ಸುತ್ತಲಿನ ಓರೆಯಲ್ಲಿ, ಅಂದರೆ ತಳಕ್ಕಿಂತ ಎತ್ತರದಲ್ಲಿ, ಮರಗಳಿವೆ. ಬೇಸಿಗೆಯಲ್ಲೂ ಬಂದು ಕೂರುವ ಚಳಿಗೆ ತಳದಲ್ಲಿ ಎಳೆಯ ಸಸಿ ಉಳಿಯುವುದಿಲ್ಲ.

ಇಳಿಗಾಳಿಯನ್ನು ನೋಡಬೇಕೆನ್ನುವವರಿಗೆ ಒಂದು ಊದುಬತ್ತಿ ಸಾಕು. ಗಾಳಿಯಿಲ್ಲದ ಸಂಜೆ, ಬೆಂಕಿಗೆ ಅನುಮತಿ ಇರುವ ಕಡೆ, ತರಗೆಲೆ ಸರಿಸಿದ ನೆಲದಲ್ಲಿ ಹಚ್ಚಿ ಹಿಡಿದುಕೊಳ್ಳಿ. ಬಿಸಿಲು ಬಿದ್ದಿರುವಷ್ಟು ಹೊತ್ತು ಹೊಗೆ ಓರೆಯ ಗುಂಟ ಮೇಲಕ್ಕೆ ವಾಲುತ್ತದೆ, ಯಾಕೆಂದರೆ ಕಾದ ಓರೆಯ ಗಾಳಿ ಏರುತ್ತಿರುತ್ತದೆ. ಓರೆಗೆ ನೆರಳು ಬಿದ್ದ ಮೇಲೆ ಹೊಗೆಗೆ ದಿಕ್ಕು ತೋಚದ ಕೆಲವು ನಿಮಿಷಗಳು ಬರುತ್ತವೆ. ನೆಟ್ಟಗೆ ಏರುತ್ತದೆ, ಸುತ್ತುತ್ತದೆ. ಆಮೇಲೆ ನಿಧಾನವಾಗಿ ತಲೆ ತಗ್ಗಿಸಿ ಕೆಳಗಿನ ಹಳ್ಳದ ಕಡೆ ಹರಿಯತೊಡಗುತ್ತದೆ. ಮುಖಕ್ಕೇನೂ ತಾಗುವುದಿಲ್ಲ, ಕಣಕಾಲಿಗೆ ಮಾತ್ರ ತಣ್ಣಗೆ. ಆ ಹೊಗೆ ಯಾವ ಕಡೆ ಹೋಯಿತೋ ರಾತ್ರಿಯ ಚಳಿಯೂ ಆ ಕಡೆಗೇ ಹೋಗುತ್ತದೆ.

ರೈತ ಕಂಡ ಹಸಿರು ಪಟ್ಟಿ

ತಳದಲ್ಲಿ ಚಳಿಮಡು. ಬೆಟ್ಟದ ನೆತ್ತಿಯಲ್ಲಿ ಎತ್ತರದ ಚಳಿ, ಜೊತೆಗೆ ಬೀಸುಗಾಳಿ. ಹಾಗಾದರೆ ಇವೆರಡರ ನಡುವೆ?

ಇದಕ್ಕೆ ಉತ್ತರ ಕೊಟ್ಟವರು ಸ್ಮೋಕಿ ಬೆಟ್ಟಗಳ ನೆರೆಯವರೇ. ಉದ್ಯಾನದ ದಕ್ಷಿಣಕ್ಕೆ ಫ್ರಾಂಕ್ಲಿನ್ ಎಂಬ ಊರಿದೆ. ಅದರ ಹತ್ತಿರ ಸೈಲಸ್ ಮೆಕ್‌ಡೊವೆಲ್ ಎಂಬ ಸೇಬು ಬೆಳೆಗಾರರಿದ್ದರು. ಗಿಡಮರಗಳನ್ನು ತಾವೇ ಓದಿ, ನೋಡಿ ಕಲಿತವರು. ವಸಂತದಲ್ಲಿ ಎಲೆ ಚಿಗುರಿದ ಮೇಲೆ ಒಂದು ರಾತ್ರಿ ಕೊರೆಯುವ ಚಳಿ ಬಂದು ಇಬ್ಬನಿಯೇ ಹೆಪ್ಪುಗಟ್ಟಿದರೆ ಚಿಗುರೆಲ್ಲ ಸುಟ್ಟು ಕಪ್ಪಾಗುತ್ತದೆ. ಅಂಥ ರಾತ್ರಿಯ ಮರುದಿನಗಳಲ್ಲಿ ಬೆಟ್ಟದತ್ತ ನೋಡಿದಾಗ ಮೆಕ್‌ಡೊವೆಲ್‌ಗೆ ಕಾಣುತ್ತಿದ್ದದ್ದು ಇದು: ಕಣಿವೆಯ ತಳದಲ್ಲಿ ಸುಟ್ಟ ಚಿಗುರು, ಬೆಟ್ಟದ ಮೇಲೂ ಸುಟ್ಟ ಚಿಗುರು, ನಡುವೆ ಓರೆಯುದ್ದಕ್ಕೂ ಹಸಿರು ಕುಂದದ ಒಂದು ಪಟ್ಟಿ. ಅದರ ಕೆಳ ಅಂಚು ಗೆರೆ ಎಳೆದಷ್ಟು ಸ್ಪಷ್ಟ. ವರ್ಷ ವರ್ಷವೂ ಪಟ್ಟಿ ಹೆಚ್ಚುಕಡಿಮೆ ಅದೇ ಜಾಗದಲ್ಲಿ. ಅವರು ಅದರ ಬಗ್ಗೆ ಬರೆದ ಲೇಖನ 1861ರ ಸರ್ಕಾರಿ ಕೃಷಿ ವರದಿಯಲ್ಲಿ ಅಚ್ಚಾಯಿತು. ಥರ್ಮಲ್ ಬೆಲ್ಟ್ ಎಂದು ಹವಾಮಾನದವರು ಕರೆಯುವ ಆ ಜಾಗವನ್ನು ನಾವು ನಡುಪಟ್ಟಿ ಎನ್ನೋಣ.

ಉಷ್ಣಮಾಪಕಗಳ ಸಾಲು ಹಿಡಿದು ಇದನ್ನು ಅಳೆದವರು ಅಮೆರಿಕದ ಹವಾಮಾನ ಇಲಾಖೆಯ ಹೆನ್ರಿ ಕಾಕ್ಸ್. ಉತ್ತರ ಕೆರೊಲೈನದ ಸೇಬು ತೋಟಗಳ ಓರೆಗಳಲ್ಲಿ ಬುಡದಿಂದ ಮೇಲಿನವರೆಗೆ ಮಾಪಕಗಳನ್ನಿಟ್ಟು ವರ್ಷಗಟ್ಟಲೆ ದಾಖಲಿಸಿದ ಲೆಕ್ಕವನ್ನು 1923ರಲ್ಲಿ ಪ್ರಕಟಿಸಿದರು. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಗಳಲ್ಲಿ ಓರೆಯ ನಡುಭಾಗ ತಳಕ್ಕಿಂತ ಹಲವು ಡಿಗ್ರಿ ಬೆಚ್ಚಗಿರುವುದು ಮತ್ತೆ ಮತ್ತೆ ಕಂಡಿತು. ಕೆಲವು ರಾತ್ರಿ ಆ ಅಂತರ 10 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿತ್ತು. ಒಂದೇ ಬೆಟ್ಟ, ಒಂದೇ ರಾತ್ರಿ, ಕಾಲು ಗಂಟೆಯ ಏರುದಾರಿಯ ದೂರ.

ನಡುಪಟ್ಟಿ ಬೆಚ್ಚಗಿರುವುದು ಯಾಕೆ? ಓರೆಯ ನೆಲವೂ ಆಕಾಶಕ್ಕೆ ಶಾಖ ಕೊಡುತ್ತಲೇ ಇರುತ್ತದೆ, ಅದಕ್ಕೇನೂ ವಿನಾಯಿತಿಯಿಲ್ಲ. ಆದರೆ ಅಲ್ಲಿ ತಣಿದ ಗಾಳಿ ತಣಿದ ಕೂಡಲೇ ಜಾರಿ ಹೋಗುತ್ತದೆ. ಖಾಲಿಯಾದ ಜಾಗಕ್ಕೆ ಕಣಿವೆಯ ಮೇಲೆ ತೇಲುತ್ತಿದ್ದ, ನೆಲಕ್ಕೆ ತಾಗದೇ ಇದ್ದುದರಿಂದ ಇನ್ನೂ ತಣಿಯದ ಗಾಳಿ ಬಂದು ತುಂಬುತ್ತದೆ. ಅದೂ ತಣಿದು ಜಾರುತ್ತದೆ, ಮತ್ತೊಂದು ಬರುತ್ತದೆ. ತಳದಲ್ಲಿ ಈ ಬದಲಾವಣೆ ನಡೆಯುವುದಿಲ್ಲ; ಅಲ್ಲಿಗೆ ಬಂದದ್ದು ಅಲ್ಲೇ ಕೂತು ಇನ್ನಷ್ಟು ತಣಿಯುತ್ತದೆ. ಇಡೀ ರಾತ್ರಿಯ ಚಳಿಯ ಗುಟ್ಟು ಇಷ್ಟೇ: ಆಕಾಶ ಎಷ್ಟು ಕಾಣುತ್ತದೆ, ತಣಿದ ಗಾಳಿಗೆ ಜಾರಿ ಹೋಗಲು ದಾರಿ ಇದೆಯೇ.

ನಕ್ಷೆಯ ಗೆರೆಗಳು

ಈಗ ಸ್ಮೋಕಿಯ ನಕ್ಷೆ ಹಿಡಿದು ಕೂರಬಹುದು. ಎತ್ತರದ ಗೆರೆಗಳು ಒತ್ತೊತ್ತಾಗಿ ಇರುವಲ್ಲಿ ಕಡಿದಾದ ಓರೆ, ದೂರ ದೂರ ಇರುವಲ್ಲಿ ಸಪಾಟು. ಎರಡು ಕಡೆಯಿಂದ ಕಡಿದಾದ ಓರೆ ಇಳಿದು ನಡುವೆ ಹಳ್ಳ ಹರಿಯುವ ಇಕ್ಕಟ್ಟಿನಲ್ಲಿ ತಾಣವಿದ್ದರೆ ಅದು ಚಳಿಮಡುವಿನ ಒಳಗೇ ಇದೆ ಎಂದು ತಿಳಿಯಬೇಕು. ಹಳ್ಳದಿಂದ 30, 50 ಮೀಟರ್ ಮೇಲೆ ಓರೆಯಿಂದ ಚಾಚಿಕೊಂಡ ಸಣ್ಣ ಸಮತಟ್ಟು ಕಂಡರೆ ಅದು ಬಂಗಾರದಂಥ ಜಾಗ. ಮಲಗುವುದಕ್ಕೆ ಸಮ, ಗಾಳಿ ಜಾರುವುದಕ್ಕೆ ಮೂರೂ ಕಡೆ ಇಳಿಜಾರು. ನೀರು ತರುವುದಕ್ಕೆ ಒಂದು ಸಲ ಇಳಿದು ಹತ್ತಬೇಕಾದೀತು, ಆ ಶ್ರಮ ಸಾರ್ಥಕ. ಹಳ್ಳದ ದಂಡೆಯ ಹಸಿಮಣ್ಣು ಮೈಯ ಶಾಖವನ್ನು ಒಣ ತರಗೆಲೆಯ ನೆಲಕ್ಕಿಂತ ಬೇಗ ಹೀರುತ್ತದೆ ಎಂಬುದೂ ಲೆಕ್ಕಕ್ಕಿರಲಿ.

ಬೆಟ್ಟಸಾಲಿನ ಎರಡು ಶಿಖರಗಳ ನಡುವೆ ತಗ್ಗಿದ ಜಾಗಗಳನ್ನು ಅಲ್ಲಿನವರು ಗ್ಯಾಪ್ ಎನ್ನುತ್ತಾರೆ. 1538 ಮೀಟರ್ ಎತ್ತರದ ನ್ಯೂಫೌಂಡ್ ಗ್ಯಾಪ್ ಹೆಸರಾದದ್ದು. ನಕ್ಷೆಯಲ್ಲಿ ಇವು ಸಮತಟ್ಟಾಗಿ, ಆಸೆ ಹುಟ್ಟಿಸುವಂತೆ ಕಾಣುತ್ತವೆ. ಆದರೆ ಬೆಟ್ಟಸಾಲನ್ನು ದಾಟುವ ಗಾಳಿಯೆಲ್ಲ ನುಗ್ಗುವುದು ಆ ಸಂದಿನಲ್ಲೇ.

ತಾಣಕ್ಕೆ ಬಂದ ಮೇಲೆ ಇನ್ನೊಂದು ಆಯ್ಕೆ ಉಳಿದಿರುತ್ತದೆ. ಕಾಡಿನ ನಡುವಿನ ಚಿಕ್ಕ ಬಯಲಾದರೆ ಅದರ ಕೆಳ ಅಂಚನ್ನು ಬಿಡಬೇಕು. ಅಲ್ಲಿ ರೋಡೊಡೆಂಡ್ರಾನ್ ಪೊದೆಗಳು ದಟ್ಟವಾಗಿ ಬೆಳೆದಿದ್ದರೆ ಅವು ತಟ್ಟೆಯ ಮೇಲಿನ ಬೆರಳಿನ ಕೆಲಸ ಮಾಡುತ್ತವೆ. ಚಳಿ ಪೊದೆಯ ಮೇಲ್ಬದಿಗೆ ಕಟ್ಟಿಕೊಳ್ಳುತ್ತದೆ. ಮೇಲಂಚಿನಲ್ಲಿ, ಮರದ ಸೂರಿನ ಒಳಗೆ ಟೆಂಟ್ ಹಾಕುವುದು ಲೇಸು. ವೆಲ್ಸ್ ಅವರ ರಟ್ಟಿನ ಕೆಲಸವನ್ನು ಎಲೆಗಳು ಮಾಡುತ್ತವೆ.

ಮರದ ಸೂರು ಎಂದಾಗ ಒಂದು ಎಚ್ಚರಿಕೆ, ಮತ್ತು ಇಲ್ಲಿ ಬೆಚ್ಚಗಿರುವ ಮಾತನ್ನೆಲ್ಲ ಪಕ್ಕಕ್ಕಿಡಬೇಕು. ಹೆಮ್ಲಾಕ್ ಎಂಬ ಸೂಜಿಯೆಲೆಯ ಮರದ ರಸ ಹೀರುವ, ಏಷ್ಯಾದಿಂದ ಬಂದ ಒಂದು ಪುಟ್ಟ ಕೀಟ 2002ರಲ್ಲಿ ಈ ಉದ್ಯಾನದಲ್ಲಿ ಕಾಣಿಸಿಕೊಂಡಿತು. ಅಂದಿನಿಂದ ಅಸಂಖ್ಯ ಹೆಮ್ಲಾಕ್‌ಗಳು ನಿಂತಲ್ಲೇ ಸತ್ತಿವೆ. ಎಲೆಯಿಲ್ಲದ ಮರ ಟೆಂಟಿಗೆ ಶಾಖವನ್ನಂತೂ ಮರಳಿಸುವುದಿಲ್ಲ. ಬೀಳುವ ಅಪಾಯ ಮಾತ್ರ ದಿನದಿನಕ್ಕೆ ಹೆಚ್ಚುತ್ತದೆ. ಗೂಟ ಹೊಡೆಯುವ ಮೊದಲು ಕುತ್ತಿಗೆ ಎತ್ತಿ ಸುತ್ತಲೂ ನೋಡಿ. ತೊಗಟೆ ಕಳಚಿದ ಕಾಂಡ, ತುದಿಯಲ್ಲಿ ಸಿಕ್ಕಿಕೊಂಡ ಮುರಿದ ಕೊಂಬೆ ಕಂಡರೆ ಅದು ಬಿದ್ದರೆ ಮುಟ್ಟುವಷ್ಟು ದೂರದೊಳಗೆ ಮಲಗಬಾರದು. ಚಳಿಯಲ್ಲಿ ನಡುಗಿದರೂ ಸರಿ, ಈ ಒಂದು ವಿಷಯದಲ್ಲಿ ರಾಜಿ ಬೇಡ.

ಕರಡಿಗಳಿಗೂ ಈ ಲೆಕ್ಕದಲ್ಲಿ ಜಾಗವಿದೆ. ಉದ್ಯಾನದಲ್ಲಿ ಕಪ್ಪು ಕರಡಿಗಳು ಸುಮಾರು 1900 ಇವೆ ಎಂದು ಅಂದಾಜು. ಒಳಕಾಡಿನ ತಾಣಗಳಲ್ಲಿ ಮರಗಳ ನಡುವೆ ರಾಟೆ ಮತ್ತು ಉಕ್ಕಿನ ತಂತಿ ಕಟ್ಟಿರುತ್ತಾರೆ. ಊಟದ ಸಾಮಾನು, ಟೂತ್‌ಪೇಸ್ಟ್, ಕಸ ಎಲ್ಲವನ್ನೂ ಚೀಲದಲ್ಲಿ ಕಟ್ಟಿ ಅದರಿಂದ ಮೇಲಕ್ಕೆ ಎಳೆದಿಡಬೇಕು. ಅಡುಗೆಯ ಜಾಗ ಟೆಂಟಿನಿಂದ ದೂರ ಇರಲಿ. ಸಂಜೆಯಾದ ಮೇಲೆ ವಾಸನೆ ಹೋಗುವುದೂ ಇಳಿಗಾಳಿಯ ದಾರಿಯಲ್ಲೇ. ಆದ್ದರಿಂದ ಟೆಂಟ್ ಮೇಲಿದ್ದು, ಒಲೆ ಕೆಳಗಿದ್ದರೆ ಒಗ್ಗರಣೆಯ ಘಮ ಮಲಗುವ ಕಡೆಗೆ ಬರುವುದಿಲ್ಲ.

ಲೆಕ್ಕ ಬದಲಾಗುವ ರಾತ್ರಿಗಳು

ಇಲ್ಲಿಯವರೆಗೆ ಹೇಳಿದ್ದೆಲ್ಲ ನಕ್ಷತ್ರ ಕಾಣುವ, ಎಲೆ ಅಲುಗದ ರಾತ್ರಿಗೆ. ದಟ್ಟ ಮೋಡ ಕವಿದಿದ್ದರೆ ನೆಲ ಕೊಟ್ಟ ಶಾಖವನ್ನು ಮೋಡದ ತಳ ಬಹುಮಟ್ಟಿಗೆ ಮರಳಿಸಿಬಿಡುತ್ತದೆ. ಆಗ ಇಳಿಗಾಳಿ ಹುಟ್ಟುವುದೇ ಇಲ್ಲ, ಶಾಲೆಯ ಪಾಠದಂತೆ ಮೇಲೆ ಚಳಿ, ಕೆಳಗೆ ಬೆಚ್ಚಗೆ. ಜೋರಾಗಿ ಬೀಸುವ ಗಾಳಿಯೂ ಹಾಗೆಯೇ. ಪದರಗಳನ್ನೆಲ್ಲ ಕಲಕಿ ಒಂದು ಮಾಡುತ್ತದೆ. ಅಂಥ ರಾತ್ರಿ ನಡುಪಟ್ಟಿ ಹುಡುಕುವುದರಲ್ಲಿ ಅರ್ಥವಿಲ್ಲ, ಗಾಳಿಗೆ ಮರೆಯಾದ ಜಾಗ ಹುಡುಕಬೇಕು. ಹೊರಡುವ ಮುನ್ನ ಹವಾಮಾನ ಮುನ್ಸೂಚನೆಯಲ್ಲಿ ಮಳೆಯ ಜೊತೆ ಮೋಡ ಮತ್ತು ಗಾಳಿಯ ವೇಗವನ್ನೂ ಓದಬೇಕೆನ್ನುವುದು ಇದಕ್ಕೇ.

ಜುಲೈಯಲ್ಲಿ ಇದೇ ವಿದ್ಯೆ ತಿರುವುಮುರುವಾಗಿ ಉಪಯೋಗಕ್ಕೆ ಬರುತ್ತದೆ. ಕಣಿವೆಗಳಲ್ಲಿ ಹಗಲು 30 ಡಿಗ್ರಿ ದಾಟುವ ಆ ದಿನಗಳಲ್ಲಿ ಮೈಗೆ ಬೇಕಾದದ್ದು ಚಳಿಮಡುವಿನ ತಂಪು. ಆಗ ಹಳ್ಳದ ಪಕ್ಕದ ತಾಣವನ್ನೇ ಕಾಯ್ದಿರಿಸಬಹುದು. ಮೇಲ್ಬಟ್ಟೆಯ ಎರಡೂ ಬದಿಯ ಕಿಂಡಿ ತೆರೆದಿಟ್ಟು, ಬೆಳಿಗ್ಗೆ ಬಟ್ಟೆ ಒಣಗಲು ಬಿಸಿಲಿಗೊಂದು ಗಂಟೆ ಬಿಟ್ಟರಾಯಿತು. ಆದರೆ ಸ್ಮೋಕಿಯ ಬೇಸಿಗೆ ಎಂದರೆ ಮಧ್ಯಾಹ್ನದ ಗುಡುಗುಮಳೆಯ ಕಾಲವೂ ಹೌದು, ಮೇಲಿನ ಬೆಟ್ಟದಲ್ಲಿ ಸುರಿದ ನೀರು ಕೆಳಗಿನ ಹಳ್ಳಕ್ಕೆ ಬರುವುದಕ್ಕೆ ಹೆಚ್ಚು ಹೊತ್ತು ಬೇಡ. ದಂಡೆಯ ಪೊದೆಗಳಲ್ಲಿ ಕಸಕಡ್ಡಿ ಎಷ್ಟು ಎತ್ತರದಲ್ಲಿ ಸಿಕ್ಕಿಕೊಂಡಿದೆ ಎಂದು ನೋಡಿಕೊಂಡು, ಟೆಂಟನ್ನು ಅದಕ್ಕಿಂತ ಮೇಲೆ ಹಾಕಿ.